ಹೊನ್ನಿನ ಕಡತ

ಮನೆಯಲ್ಲಿ ತಲೆಮಾರುಗಳಿಂದ ಸೇರುತ್ತ ಬಂದ ನಾಣ್ಯಗಳಿಗೂ ಚಿನ್ನ ಬೆಳ್ಳಿಯ ಗಟ್ಟಿಗಳಿಗೂ ಒಂದು ಪಟ್ಟಿ ಬರೆದಿಡುವುದು ಮೇಲುನೋಟಕ್ಕೆ ಬರಿಯ ವ್ಯವಹಾರದ ಸಂಗತಿಯಾಗಿ ಕಾಣುತ್ತದೆ. ತೂಕ ಎಷ್ಟು, ಮಟ್ಟ ಎಂದರೆ ಲೋಹದ ಶುದ್ಧತೆ ಎಷ್ಟು, ಯಾವ ಟಂಕಸಾಲೆಯಲ್ಲಿ ಅಚ್ಚಾದದ್ದು, ಯಾರ ಕೈಯಿಂದ ಯಾವ ವರ್ಷ ಮನೆಗೆ ಬಂತು ಎಂಬ ನಾಲ್ಕಾರು ವಿವರಗಳನ್ನು ಸಾಲಾಗಿ ಬರೆದುಕೊಳ್ಳುವಲ್ಲಿ ಧರ್ಮಜಿಜ್ಞಾಸೆಗೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಆದರೆ ಈ ಸಣ್ಣ ಬರವಣಿಗೆಯ ಹಿಂದೆ ಭಾರತೀಯ ಧರ್ಮಚಿಂತನೆ ಬಹುಕಾಲದಿಂದ ಎದುರಿಸುತ್ತ ಬಂದ ಪ್ರಶ್ನೆಯೊಂದು ಅಡಗಿದೆ: ತನ್ನದೆಂದು ಇರುವುದನ್ನು ಎಣಿಸಿ ಬರೆದಿಡುವ ಗೃಹಸ್ಥನ ಆಸೆ ಆ ಎಣಿಕೆಯಿಂದ ಬೆಳೆಯುತ್ತದೆಯೆ, ಅಥವಾ ಎಣಿಕೆಯೇ ಆಸೆಗೆ ಹಾಕಿದ ಬದುವಾಗುತ್ತದೆಯೆ?

ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಯ ಬಳಿ ಇರುವ ಕೊಕ್ಕರೆ ಬೆಳ್ಳೂರಿನಂಥ ಒಕ್ಕಲುತನದ ಊರುಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಶಾಸ್ತ್ರಕ್ಕಿಂತ ಮೊದಲು ಕಣ ಉತ್ತರ ಕೊಟ್ಟಿದೆ. ರಾಗಿಯ ರಾಶಿಯನ್ನು ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕರೆದು, ಆಮೇಲೆ ಎರಡು, ಮೂರು ಎಂದು ಮುಂದುವರಿಯುವುದು ಹಳೆಯ ವಾಡಿಕೆ. ರಾಶಿಗೆ ಪೂಜೆಯಾಗದೆ ಅಳತೆಗೆ ಕೈಹಾಕುವಂತಿರಲಿಲ್ಲ. ಇದನ್ನು ಎಣಿಕೆಯ ಭಯವೆಂದಷ್ಟೇ ಓದಿದರೆ ಅದರ ಅರ್ಧ ಅರ್ಥ ಕೈತಪ್ಪುತ್ತದೆ. ಎಣಿಸಬಾರದೆಂದು ವಾಡಿಕೆ ಹೇಳುವುದಿಲ್ಲ, ಕೊನೆಯ ಸೇರಿನವರೆಗೂ ಅಳೆಯುವುದು ಅದಕ್ಕೆ ಒಪ್ಪಿಗೆಯೇ. ಮೊದಲನೆಯ ಅಂಕಿಯನ್ನು ಮಾತ್ರ ಮನುಷ್ಯನು ತನ್ನ ಹೆಸರಿಗೆ ಬರೆದುಕೊಳ್ಳಬಾರದೆಂಬುದು ಅದರ ಕಟ್ಟಳೆ. ಕಣದಲ್ಲಿದ್ದ ಈ ಹದ ಚಿನ್ನದ ಪೆಟ್ಟಿಗೆಯವರೆಗೆ ಬರಲಿಲ್ಲ. ದೃಷ್ಟಿ, ಕಳ್ಳರು, ದಾಯಾದಿಗಳು, ಸರ್ಕಾರ ಎಂಬ ನಾಲ್ಕು ಭಯಗಳು ಸೇರಿ ಪೆಟ್ಟಿಗೆಯ ಒಳಗಿನದನ್ನು ಮನೆಯ ಹಿರಿಯ ಹೆಣ್ಣಿನ ನೆನಪಿಗೆ ಮಾತ್ರ ಒಪ್ಪಿಸಿದವು. 1968ರ ಚಿನ್ನ ನಿಯಂತ್ರಣ ಕಾಯಿದೆಯು ಖಾಸಗಿಯವರು ಗಟ್ಟಿ ಚಿನ್ನವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿ 1990ರವರೆಗೆ ಜಾರಿಯಲ್ಲಿದ್ದದ್ದು ಆ ಮೌನವನ್ನು ಇನ್ನಷ್ಟು ಬಿಗಿ ಮಾಡಿತು. ಕಾಯಿದೆ ಹೋದರೂ ಮೌನ ಉಳಿದಿದೆ.

ಎಣಿಕೆಯ ಎರಡು ತುದಿಗಳನ್ನು ಕನ್ನಡ ನಾಡು ಒಂದೇ ಬಿರುದಿನಲ್ಲಿ ಹಿಡಿದಿಟ್ಟಿರುವುದು ವಿಶೇಷ. 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರಿಗೆ ‘ನವಕೋಟಿ ನಾರಾಯಣ’ ಎಂಬ ಹೆಸರಿತ್ತು. ಪ್ರತಿದಿನ ಸಾವಿರ ವರಹಗಳ ಎರಡು ಚೀಲ ಖಜಾನೆಗೆ ಸೇರುವ ತನಕ ಅವರು ಊಟಕ್ಕೆ ಏಳುತ್ತಿರಲಿಲ್ಲವೆಂದು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ಅದೇ ಬಿರುದನ್ನು ಸಂಪ್ರದಾಯವು ಪುರಂದರದಾಸರ ಪೂರ್ವಾಶ್ರಮಕ್ಕೂ ಕೊಟ್ಟಿದೆ. ಶ್ರೀನಿವಾಸ ನಾಯಕನೆಂಬ ಲೇವಾದೇವಿಯ ವರ್ತಕನು ಬಡ ಬ್ರಾಹ್ಮಣನೊಬ್ಬ ತಂದ ಮೂಗುತಿ ತನ್ನ ಹೆಂಡತಿಯದೇ ಎಂದು ಗುರುತಿಸಿ, ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಹೋದಾಗ ಮೂಗುತಿ ಮನೆಯಲ್ಲೇ ಇದ್ದದ್ದನ್ನು ಕಂಡನೆಂಬುದು ಎಲ್ಲರೂ ಬಲ್ಲ ಕಥೆ. ಲೆಕ್ಕದ ಪ್ರಕಾರ ಪೆಟ್ಟಿಗೆಯಲ್ಲಿ ಇರಬೇಕಾದ ವಸ್ತು ಅಲ್ಲಿಲ್ಲ ಎಂಬ ಒಂದೇ ಒಂದು ಅಂತರ ಅವನ ಬದುಕಿನ ಇಡೀ ಖಾತೆಯನ್ನು ಮುಚ್ಚಿಸಿತು. ಒಬ್ಬರಿಗೆ ಸಂಖ್ಯೆಯು ಅನ್ನಕ್ಕಿಂತ ಮೊದಲು ಸಲ್ಲಿಸಬೇಕಾದ ವ್ರತವಾಯಿತು, ಇನ್ನೊಬ್ಬರಿಗೆ ಸಂಖ್ಯೆಯನ್ನು ಬಿಡುವುದೇ ಬಿಡುಗಡೆಯಾಯಿತು. ಸಾಮಾನ್ಯ ಗೃಹಸ್ಥನು ಇವರಿಬ್ಬರಲ್ಲಿ ಯಾರೂ ಆಗಲಾರ. ಅವನಿಗೆ ಮಕ್ಕಳ ಮದುವೆಯಿದೆ, ಮಳೆ ಕೈಕೊಡುವ ವರ್ಷಗಳಿವೆ, ಅಜ್ಜನು ಬಿಟ್ಟುಹೋದ ಹಿಡಿ ನಾಣ್ಯಗಳ ಮೇಲೆ ತಪ್ಪಲ್ಲದ ಪ್ರೀತಿಯೂ ಇದೆ.

ಇಂಥ ಗೃಹಸ್ಥನನ್ನು ಗಂಭೀರವಾಗಿ ತೆಗೆದುಕೊಂಡು, ಅವನ ಎಣಿಕೆಗೇ ವ್ರತದ ಸ್ಥಾನ ಕೊಟ್ಟದ್ದು ಜೈನಧರ್ಮ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿಯ ವಿಗ್ರಹವೂ ಬಸದಿಗಳ ಅವಶೇಷಗಳೂ ಉಳಿದಿರುವುದರಿಂದ ಈ ಚಿಂತನೆ ಈ ಸೀಮೆಗೆ ಹೊರಗಿನದೇನಲ್ಲ. ಬಟ್ಟೆಯನ್ನೂ ಇಟ್ಟುಕೊಳ್ಳದೆ ನಿಂತ ಬಾಹುಬಲಿಗೆ ಪಟ್ಟಿಯ ಅಗತ್ಯವಿಲ್ಲ. ಆದರೆ ಬೆಟ್ಟದ ಕೆಳಗಿನ ಶ್ರಾವಕನಿಗೆ, ಎಂದರೆ ಮನೆಯಲ್ಲಿದ್ದುಕೊಂಡೇ ಧರ್ಮವನ್ನು ಪಾಲಿಸುವವನಿಗೆ, ಐದನೆಯ ಅಣುವ್ರತವಾಗಿ ‘ಪರಿಗ್ರಹ ಪರಿಮಾಣ’ವನ್ನು ವಿಧಿಸಲಾಗಿದೆ. ಪರಿಗ್ರಹವೆಂದರೆ ಸುತ್ತ ಹಿಡಿದುಕೊಂಡಿರುವುದು, ಪರಿಮಾಣವೆಂದರೆ ಅಳತೆ; ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳೆನೆಂದು ಮೊದಲೇ ಅಳತೆ ಹಾಕಿ ಅದಕ್ಕೆ ಬದ್ಧನಾಗುವುದು ಈ ವ್ರತ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹೀಗೆ ಅಳೆಯಬೇಕಾದವುಗಳನ್ನು ಹೊಲ, ಮನೆ, ಧನ, ಧಾನ್ಯ ಎಂದು ಹೆಸರಿಸುವಾಗ ಹಿರಣ್ಯ ಮತ್ತು ಸುವರ್ಣಗಳನ್ನು ಬೇರೆಬೇರೆಯಾಗಿ ಹೇಳುತ್ತದೆ. ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ಟೀಕೆಯನ್ನು ಬರೆದ, ಕರ್ನಾಟಕದ ಪರಂಪರೆಗೆ ಸೇರಿದ ಪೂಜ್ಯಪಾದನು ಹಿರಣ್ಯವೆಂದರೆ ಬೆಳ್ಳಿ ಮೊದಲಾದ, ವ್ಯವಹಾರಕ್ಕೆ ಸಾಧನವಾದದ್ದು ಎಂದು ವಿವರಿಸಿ, ಸುವರ್ಣವು ಎಲ್ಲರಿಗೂ ಗೊತ್ತಿರುವ ಚಿನ್ನವೇ ಎಂದು ಬಿಡುತ್ತಾನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ನಾಣ್ಯ ಬೇರೆ, ಗಟ್ಟಿ ಬೇರೆ ಎಂದು ಸಾವಿರದೈನೂರು ವರ್ಷಗಳಷ್ಟು ಹಿಂದೆಯೇ ಗೃಹಸ್ಥನ ಪಟ್ಟಿಯಲ್ಲಿ ಎರಡು ಅಂಕಣಗಳನ್ನು ಎಳೆದಿಟ್ಟಂತಾಯಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪರಿಗ್ರಹಕ್ಕೆ ತತ್ತ್ವಾರ್ಥಸೂತ್ರವು ಕೊಡುವ ಅರ್ಥ ವಸ್ತುವಲ್ಲ, ಮೂರ್ಛೆ; ಕನ್ನಡದಲ್ಲಿ ಇಂದು ಎಚ್ಚರ ತಪ್ಪುವುದಕ್ಕೆ ಬಳಸುವ ಈ ಪದವೇ ವಸ್ತುವಿನ ಮುಂದೆ ತನ್ನನ್ನು ಮರೆಯುವ ಮೋಹಕ್ಕೂ ಹೆಸರಾಗಿದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಇದೇ ವ್ರತವನ್ನು ಇಚ್ಛಾಪರಿಮಾಣವೆಂದೂ ಕರೆದು, ಅಳತೆ ಬೀಳಬೇಕಾದದ್ದು ಪೆಟ್ಟಿಗೆಗಲ್ಲ, ಇಚ್ಛೆಗೆ ಎಂದು ಸ್ಪಷ್ಟ ಮಾಡುತ್ತದೆ. ಹಾಗಾದರೆ ಮನೆಯ ಪಟ್ಟಿ ಬರೆಯುವವನು ಯಾವ ಕ್ರಮದಲ್ಲಿ ಬರೆಯಬೇಕೆಂಬುದು ಮುಖ್ಯವಾಗುತ್ತದೆ. ಇರುವುದನ್ನೆಲ್ಲ ಬರೆದು, ಕೆಳಗೆ ಮೊತ್ತ ಹಾಕಿ, ಮುಂದಿನ ವರ್ಷ ಮೊತ್ತ ಎಷ್ಟು ಏರಿತೆಂದು ನೋಡುವುದು ಒಂದು ಕ್ರಮ; ಪುಟದ ತಲೆಯಲ್ಲಿ ಮೊದಲು ಎಲ್ಲೆಯನ್ನು ಬರೆದು ಅದರ ಕೆಳಗೆ ಇರುವುದನ್ನು ಬರೆಯುವುದು ಇನ್ನೊಂದು ಕ್ರಮ. ಎರಡರಲ್ಲೂ ಅಂಕಿಗಳು ಒಂದೇ ಆಗಿರಬಹುದು, ಆದರೂ ಮೊದಲನೆಯದು ಮೂರ್ಛೆಯ ಪತ್ರ, ಎರಡನೆಯದು ಎಚ್ಚರದ ಪತ್ರ. ಈ ವ್ರತದಿಂದ ನುಣುಚಿಕೊಳ್ಳುವ ದಾರಿಗಳನ್ನೂ ಜೈನ ಆಚಾರ್ಯರು ಅರಿತಿದ್ದರು. ಹನ್ನೆರಡನೆಯ ಶತಮಾನದ ಹೇಮಚಂದ್ರನು ಯೋಗಶಾಸ್ತ್ರದಲ್ಲಿ ಎಲ್ಲೆ ಮೀರಿದ ಬೆಳ್ಳಿ ಬಂಗಾರವನ್ನು ವ್ರತದ ಅವಧಿ ಮುಗಿಯುವವರೆಗೆ ಬೇರೆಯವರ ಕೈಗೆ ಕೊಟ್ಟಿರುವುದನ್ನು, ಎರಡು ಹೊಲಗಳ ನಡುವಿನ ಬೇಲಿ ಕಿತ್ತು ಒಂದೇ ಹೊಲವೆಂದು ಎಣಿಸುವುದನ್ನು ಅತಿಚಾರಗಳೆಂದು, ಎಂದರೆ ವ್ರತವನ್ನು ಮುರಿಯದಂತೆ ತೋರಿಸಿಕೊಂಡು ಅದಕ್ಕೆ ಮಾಡುವ ಲೋಪಗಳೆಂದು ಹೇಳಿದ್ದಾನೆ. ಅತ್ತೆಯ ಹೆಸರಿನಲ್ಲಿ, ಭಾವಮೈದನ ಲಾಕರಿನಲ್ಲಿ ಚಿನ್ನವಿಟ್ಟು ತನ್ನ ಪಟ್ಟಿ ಸಣ್ಣದೆಂದು ಸಮಾಧಾನಪಡುವ ಇಂದಿನ ಗೃಹಸ್ಥನಿಗೆ ಈ ಮಾತು ನೇರವಾಗಿ ತಟ್ಟುತ್ತದೆ.

ನಾಣ್ಯದ ಆಸೆಗೂ ಗಟ್ಟಿಯ ಆಸೆಗೂ ಇರುವ ವ್ಯತ್ಯಾಸವನ್ನು ಈ ಎರಡು ಅಂಕಣಗಳ ಬೆಳಕಿನಲ್ಲಿ ನೋಡಬಹುದು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯು 11.66 ಗ್ರಾಂ ತೂಗುತ್ತಿತ್ತು, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಯುದ್ಧಕಾಲದಲ್ಲಿ 1940ರಿಂದ ಬೆಳ್ಳಿ ಅರ್ಧಕ್ಕಿಳಿದು, 1947ರಲ್ಲಿ ರೂಪಾಯಿ ನಿಕ್ಕಲ್ ಆಯಿತು. ಇವುಗಳನ್ನು ವರ್ಷವಾರು ಜೋಡಿಸಿ ಪಟ್ಟಿ ಮಾಡುವವನ ಹಾಳೆಯಲ್ಲಿ ಬಹುಮಟ್ಟಿಗೆ 1939ರ ಮನೆ ಖಾಲಿ ಇರುತ್ತದೆ, ಏಕೆಂದರೆ ಆ ವರ್ಷದ ರೂಪಾಯಿ ಬಹಳ ಅಪರೂಪ. ಆ ಒಂದು ಖಾಲಿ ಮನೆ ತುಂಬಿದ ಎಲ್ಲ ಮನೆಗಳಿಗಿಂತ ಹೆಚ್ಚಾಗಿ ಕಣ್ಣನ್ನು ಸೆಳೆಯುತ್ತದೆ. ದಾಖಲೆ ಬರೆಯುವ ಮೊದಲು ಅವನಿಗೆ ಇಲ್ಲದಿದ್ದ ಕೊರತೆಯನ್ನು ದಾಖಲೆಯೇ ಹುಟ್ಟಿಸಿಕೊಟ್ಟಿತು. ಲೆಕ್ಕವು ಆಸೆಯನ್ನು ಬೆಳೆಸುತ್ತದೆಂಬ ಆಕ್ಷೇಪಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ, ಅದನ್ನು ಒಪ್ಪಲೇಬೇಕು. ಆದರೂ ನಾಣ್ಯದ ಆಸೆಗೆ ಒಂದು ಆಕಾರವಿದೆ, ಸರಣಿ ಮುಗಿದರೆ ಅದಕ್ಕೆ ನಿಲ್ಲುವ ಜಾಗವಿದೆ, ಒಂದೊಂದು ನಾಣ್ಯವೂ ಯಾವುದೋ ಊರಿನ, ಯಾವುದೋ ಅರಸನ ವಿಷಯವಾಗಿ ಏನನ್ನಾದರೂ ಕಲಿಸುತ್ತದೆ. ಗಟ್ಟಿಗೆ ಮುಖವಿಲ್ಲ. ಹತ್ತು ಗ್ರಾಂ ಆದ ಮೇಲೆ ಇಪ್ಪತ್ತು, ಇಪ್ಪತ್ತರ ಮೇಲೆ ನೂರು ಎಂದು ಅದರ ಪಟ್ಟಿ ಕೇವಲ ತೂಕದಲ್ಲಿ ಬೆಳೆಯುತ್ತದೆ, ಖಾಲಿ ಮನೆ ಎಂಬುದು ಅಲ್ಲಿಲ್ಲದ್ದರಿಂದ ತುಂಬಿತೆಂಬ ಮಾತೂ ಇಲ್ಲ. ಆದ್ದರಿಂದ ಎಲ್ಲೆಯ ಅಂಕಿ ಮೊದಲು ಬೀಳಬೇಕಾದದ್ದು ಗಟ್ಟಿಯ ಪುಟದಲ್ಲಿ.

ಪಟ್ಟಿಯ ಇನ್ನೊಂದು ಅಂಕಣವಾದ ‘ಎಲ್ಲಿಂದ ಬಂತು’ ಎಂಬುದು ಅಪರಿಗ್ರಹಕ್ಕಿಂತ ಅಚೌರ್ಯಕ್ಕೆ, ಎಂದರೆ ಕದಿಯದಿರುವ ವ್ರತಕ್ಕೆ ಸೇರಿದ್ದು. ಕಳ್ಳನು ತಂದದ್ದನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ನಕಲಿಯನ್ನು ಅಸಲಿಯೆಂದು ದಾಟಿಸುವುದು ಇವೆಲ್ಲ ಆ ವ್ರತದ ಲೋಪಗಳೆಂದು ತತ್ತ್ವಾರ್ಥಸೂತ್ರವು ಎಣಿಸಿರುವುದನ್ನು ನೋಡಿದರೆ, ಅದನ್ನು ನಾಣ್ಯದ ಪೇಟೆಯನ್ನು ಕಣ್ಣಾರೆ ಕಂಡವರೇ ಬರೆದಂತಿದೆ. ಉಳುವಾಗ ನೇಗಿಲಿಗೆ ಸಿಕ್ಕ ಗಡಿಗೆಯ ಹೊನ್ನು ಹೊಲದವನಿಗೇ ಸೇರಿದ್ದೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದ್ದರೂ, 1878ರ ನಿಧಿ ಕಾಯಿದೆಯು ನೆಲದಲ್ಲಿ ಸಿಕ್ಕ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. ನೂರು ವರ್ಷ ದಾಟಿದ ನಾಣ್ಯಗಳು 1972ರ ಕಾಯಿದೆಯ ಪ್ರಕಾರ ಪುರಾವಸ್ತುಗಳಾಗುವುದರಿಂದ ಖಾಸಗಿಯವರು ಅವನ್ನು ದೇಶದಾಚೆಗೆ ಕಳಿಸುವಂತಿಲ್ಲ. ಕಾನೂನಿನ ಈ ಮಾತುಗಳನ್ನು ಹೊರಗಿನ ಕಾಟವೆಂದು ತಿಳಿಯಬೇಕಾಗಿಲ್ಲ. ಬಂದ ದಾರಿಯನ್ನು ಬರೆಯಲು ಕೈ ಹಿಂಜರಿಯುವ ವಸ್ತುವು ಪಟ್ಟಿಯಲ್ಲಿ ಇರಬೇಕೇ ಎಂದು ಕೇಳಿಕೊಳ್ಳಲು ಅದೊಂದು ಸಂದರ್ಭ.

ಕೊಕ್ಕರೆ ಬೆಳ್ಳೂರಿನ ಹೆಸರನ್ನು ಹೊರನಾಡಿಗೆ ಒಯ್ದದ್ದು ಹೊನ್ನಲ್ಲ, ಹುಣಸೆ ಮರ. ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗೂಡಿರುವ ಮರದ ಹಣ್ಣನ್ನು ಬಡಿಯದೆ ಬಿಡುವ ಮನೆಯವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡೂ ಇಲ್ಲಿ ನಡೆದು ಬಂದಿದೆ. ಅದೇ ಹುಣಸೆಯು ನಾಣ್ಯದ ವಿಷಯದಲ್ಲಿಯೂ ಎರಡು ಬಗೆಯಲ್ಲಿ ಕೆಲಸಕ್ಕೆ ಬರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಪೆಟ್ಟಿಗೆಯಿಂದ ಹೊರಬಂದ ತಾಮ್ರದ ಕಾಸುಗಳನ್ನು ನೆನೆಸಿದ ಹುಣಸೆಹಣ್ಣಿನಿಂದ, ಬೆಳ್ಳಿ ರೂಪಾಯಿಗಳನ್ನು ವಿಭೂತಿಯಿಂದ ಉಜ್ಜಿ ತೊಳೆಯುತ್ತಾರೆ. ಹುಳಿ ತಾಗಿದೊಡನೆ ತಾಮ್ರದ ಮೇಲೆ ಕಟ್ಟಿದ್ದ ಕಂದು ಪೊರೆ ಕರಗಿ, ಕಾಸು ಹೊಸದಾಗಿ ಸುಟ್ಟ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ನಾಣ್ಯಶಾಸ್ತ್ರ ಬಲ್ಲವರಿಗೆ ಈ ದೃಶ್ಯ ಸಂಕಟದ್ದು, ಏಕೆಂದರೆ ಆ ಕಂದು ಪೊರೆಯೇ ನಾಣ್ಯದ ವಯಸ್ಸು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸಿನ ಮೇಲಿನ ಸಣ್ಣ ಕನ್ನಡ ಅಕ್ಷರಗಳು ಹತ್ತು ಹಬ್ಬಗಳ ಹುಣಸೆಗೆ ಸವೆದು ಹೋಗಬಲ್ಲವು. ಪೂಜಿಸುವವರಿಗೆ ಕೊಳೆಯಿರುವ ಕಾಸನ್ನು ಕಳಶದಲ್ಲಿಡುವುದು ಅಪಚಾರ. ಎರಡು ಭಕ್ತಿಗಳೂ ನಿಜವಾದವು, ಒಂದು ದೇವತೆಯ ಮೇಲಿನದು, ಇನ್ನೊಂದು ಕಾಲದ ಮೇಲಿನದು. ಇವನ್ನು ಜಗಳಕ್ಕೆ ಬಿಡದೆ ಕಾಪಾಡುವ ಉಪಾಯವೂ ಪಟ್ಟಿಯಲ್ಲೇ ಇದೆ: ಪೂಜೆಯ ಕಾಸುಗಳನ್ನು ಬೇರೆ ಗುರುತಿನಲ್ಲಿ ಬರೆದು, ಅವು ಸವೆಯುವುದೇ ಅವುಗಳ ಧರ್ಮವೆಂದು ಒಪ್ಪಿಕೊಂಡು, ಉಳಿದವನ್ನು ಮುಟ್ಟದೆ ಬಿಡುವುದು.

ಹುಣಸೆಯ ಇನ್ನೊಂದು ಉಪಯೋಗ ಇಂದು ಬಹುತೇಕ ಮರೆತುಹೋಗಿದೆ. ಕಡತವೆಂಬ ಪದಕ್ಕೆ ಈಗ ಕಚೇರಿಯ ಫೈಲು ಎಂಬ ಅರ್ಥವಿದ್ದರೂ, ಮೂಲದಲ್ಲಿ ಅದು ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ವರ್ತಕರೂ ಶಾನುಭೋಗರೂ ಬಳಸಿದ ಈ ಪುಸ್ತಕಗಳು ಶೃಂಗೇರಿ ಮಠದಲ್ಲಿ ದೊಡ್ಡ ಸಂಖ್ಯೆಯಲ್ಲಿ ಉಳಿದಿವೆ. ಕಡತದ ಗುಣವೆಂದರೆ ಅದು ತಲೆಮಾರುಗಳ ಕಾಲ ಬಾಳುತ್ತದೆ, ಆದರೂ ಅದರ ಮೇಲಿನ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಕಲ್ಲಿನ ಶಾಸನಕ್ಕೆ ಈ ಗುಣವಿಲ್ಲ. ಗದ್ಯಾಣ ಎಂಬ ಹೊನ್ನಿನ ನಾಣ್ಯವು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಯಾರ ಬಳಿ ಎಷ್ಟಿತ್ತೆಂದು ಹೇಳಲು ಅಲ್ಲ, ಯಾರು ಎಷ್ಟನ್ನು ಕೊಟ್ಟರೆಂದು ಹೇಳಲು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಅಭಿಷೇಕದ ಹಾಲಿಗಾಗಿ ಗದ್ಯಾಣಗಳನ್ನಿಟ್ಟು, ಅದರ ಬಡ್ಡಿಯಿಂದ ಸೇವೆ ನಡೆಯಬೇಕೆಂದು ಕೆತ್ತಿಸಿದವರಿದ್ದಾರೆ. ಕೈಬಿಟ್ಟ ಹೊನ್ನಿಗೆ ಕಲ್ಲು, ಕೈಯಲ್ಲಿರುವ ಹೊನ್ನಿಗೆ ಒರೆಸಬಹುದಾದ ಬಟ್ಟೆ ಎಂಬ ಈ ವಿಂಗಡಣೆಯನ್ನು ಯಾರೂ ಯೋಜಿಸಿ ಮಾಡಿರಲಿಕ್ಕಿಲ್ಲ, ಆದರೆ ಅದರಲ್ಲಿ ಒಂದು ತೀರ್ಪಿದೆ.

ಕೈಯಲ್ಲಿರುವ ಹೊನ್ನಿಗೆ ಬರಹವೇ ಇಲ್ಲದಿರುವುದು ಇಂದಿನ ಮಂಡ್ಯ ಸೀಮೆಯಲ್ಲಿ ನೋವಿನ ರೂಪ ತಾಳಿದೆ. ಕಬ್ಬಿನ ಹಣ ತಡವಾದಾಗ, ಬಿತ್ತನೆಗೆ ಕಾಸಿಲ್ಲದಾಗ ಒಡವೆ ಗಿರವಿ ಅಂಗಡಿಗೋ ಬ್ಯಾಂಕಿಗೋ ಹೋಗುತ್ತದೆ, ಅಲ್ಲಿ ತಕ್ಕಡಿಯ ಮೇಲೆ ಕೂತು ಮೊದಲ ಬಾರಿಗೆ ತನ್ನ ತೂಕವನ್ನು ಕಾಗದದ ಮೇಲೆ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಚಿನ್ನಕ್ಕೆ ಇರುವ ಏಕೈಕ ಲಿಖಿತ ದಾಖಲೆ ಗಿರವಿ ಚೀಟಿ. ಅದರಲ್ಲಿ ಹೆಸರು ಹೆಚ್ಚಾಗಿ ಗಂಡಸಿನದು, ಕೊರಳಿನಿಂದ ಬಿಚ್ಚಿಕೊಟ್ಟವಳದಲ್ಲ. ಇಲ್ಲಿ ಲೆಕ್ಕ ಬರೆಯದಿರುವುದನ್ನು ವೈರಾಗ್ಯವೆಂದು ಹೊಗಳುವುದು ಅನ್ಯಾಯಕ್ಕೆ ಧರ್ಮದ ಹೊದಿಕೆ ಹಾಕಿದಂತೆ. ಸ್ತ್ರೀಧನ, ಎಂದರೆ ಹೆಣ್ಣಿಗೆ ತವರಿನಿಂದಲೂ ಬಂಧುಗಳಿಂದಲೂ ಬಂದು ಅವಳ ಸ್ವಂತದ್ದಾದ ಸ್ವತ್ತು, ಇದರ ವ್ಯಾಪ್ತಿಯನ್ನು ಉಳಿದ ಧರ್ಮಶಾಸ್ತ್ರಕಾರರಿಗಿಂತ ವಿಸ್ತಾರವಾಗಿ ಹೇಳಿದವನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ. ಅವನ ಮಿತಾಕ್ಷರವು ವಾರಸಿಕೆ, ಖರೀದಿ, ಪಾಲುಗಳಿಂದ ಬಂದದ್ದನ್ನೂ ಅದರೊಳಗೆ ಸೇರಿಸಿತು. ಸ್ತ್ರೀಧನವು ಹೆಂಡತಿಯ ಪೂರ್ಣ ಸ್ವತ್ತು, ಗಂಡನ ಮನೆಯವರು ಅದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರಷ್ಟೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. ಕಲ್ಯಾಣದ ಪಂಡಿತನೂ ದಿಲ್ಲಿಯ ನ್ಯಾಯಾಲಯವೂ ಒಪ್ಪಿದ ಹಕ್ಕು ಮನೆಯ ಪೆಟ್ಟಿಗೆಯಲ್ಲಿ ಸೋಲುವುದು ಒಂದು ಸಾಲಿನ ಬರಹ ಇಲ್ಲದ್ದರಿಂದ. ‘ಯಾರದು’ ಎಂಬ ಅಂಕಣವನ್ನು ಬಿಟ್ಟು ಉಳಿದೆಲ್ಲವನ್ನೂ ತುಂಬಿದ ಪಟ್ಟಿಯು, ಅದೆಷ್ಟೇ ಅಂದವಾಗಿದ್ದರೂ, ಅಪೂರ್ಣ.

ಆ ಅಂಕಣ ಎಲ್ಲ ಕಡೆಯೂ ಸುಲಭವಾಗಿ ತುಂಬುವುದಿಲ್ಲ. ಮಗುವಿಗೆ ಜ್ವರ ಬಂದಾಗ ಮಲೆ ಮಹದೇಶ್ವರನಿಗೋ ತಿರುಪತಿಯ ತಿಮ್ಮಪ್ಪನಿಗೋ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟ ಬೆಳ್ಳಿ ರೂಪಾಯಿಗೆ ಮುಡಿಪು ಎನ್ನುತ್ತಾರೆ. ಅದು ಮನೆಯಲ್ಲಿದೆ, ಮನೆಯದಲ್ಲ. ದೇವರದು, ಆದರೆ ದೇವರ ಹುಂಡಿಯನ್ನು ಇನ್ನೂ ಸೇರಿಲ್ಲ. ಅಜ್ಜಿ ಕಟ್ಟಿದ ಮುಡಿಪನ್ನು ಒಪ್ಪಿಸುವ ಮೊದಲೇ ಅವಳು ತೀರಿಕೊಂಡಿದ್ದರೆ, ಗಂಟು ಬಿಚ್ಚಿ ಒಳಗಿನ ನಾಣ್ಯ ಯಾವ ವರ್ಷದ್ದೆಂದು ನೋಡುವ ಹಕ್ಕು ಪಟ್ಟಿ ಬರೆಯುವ ಮೊಮ್ಮಗನಿಗೆ ಇದೆಯೆ? ಅದು 1939ರದೇ ಆಗಿದ್ದರೂ ಇಲ್ಲ ಎಂಬುದೇ ಇಲ್ಲಿ ಸರಿಯಾದ ಉತ್ತರ. ಅವನು ಬರೆಯಬಹುದಾದದ್ದು ಗಂಟು ಒಂದು, ಇಂಥ ದೇವರಿಗೆ ಸಲ್ಲಬೇಕಾದದ್ದು ಎಂದಷ್ಟೇ. ತೂಕ, ಮಟ್ಟ, ವರ್ಷದ ಮನೆಗಳು ಖಾಲಿ ಇರಬೇಕು. ಸಂಗ್ರಾಹಕನ ಹಾಳೆಯಲ್ಲಿ ತುಂಬಿಸುವ ಹಂಬಲವನ್ನು ಹುಟ್ಟಿಸದ ಖಾಲಿ ಮನೆ ಇದೊಂದೇ.

ತನ್ನದಲ್ಲದ್ದನ್ನು ಅಕ್ಕರೆಯಿಂದ ಎಣಿಸುವುದು ಕೊಕ್ಕರೆ ಬೆಳ್ಳೂರಿಗೆ ಹೊಸದಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಈ ಹಕ್ಕಿಗಳೆಂದು ಊರಿನವರು ಭಾವಿಸುತ್ತಾರೆ. 1994ರಲ್ಲಿ ರೂಪುಗೊಂಡ ಹೆಜ್ಜಾರ್ಲೆ ಬಳಗದ ಯುವಕರು ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಮೀನು ತಿನ್ನಿಸಿ ಸಾಕಿದರು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಮರವಾರು ಗೂಡುಗಳನ್ನು ಲೆಕ್ಕ ಹಾಕುವ ಎಣಿಕೆಯಲ್ಲಿ ಎಷ್ಟು ಬಂದವು, ಎಷ್ಟು ಮರಿಯಾದವು ಎಂಬುದಿದೆ, ಒಡೆತನದ ಅಂಕಣ ಮಾತ್ರ ಇಲ್ಲ. ಮಳೆಗಾಲ ಹತ್ತಿರವಾಗಿ ಹಕ್ಕಿಗಳು ಹಾರಿಹೋದ ಮೇಲೆ ಲೆಕ್ಕ ಸೊನ್ನೆಗೆ ಇಳಿದರೆ ಅದನ್ನು ಯಾರೂ ನಷ್ಟದ ಬಾಬಿಗೆ ಬರೆಯುವುದಿಲ್ಲ.

ಮನೆಯ ಪೆಟ್ಟಿಗೆಯಲ್ಲಿ ಒಂದು ಕಂಠೀರಾಯಿ ಹಣ ಇದೆಯೆನ್ನೋಣ. 1638ರಿಂದ 1659ರವರೆಗೆ ಆಳಿದ ಕಂಠೀರವ 
ನರಸರಾಜ ಒಡೆಯರ ಹೆಸರಿನ ಈ ಹೊನ್ನಿನ ನಾಣ್ಯ ಬೇಳೆಕಾಳಿನಷ್ಟು ಚಿಕ್ಕದು, ಅರ್ಧ ಗ್ರಾಮಿಗಿಂತ ಕಡಿಮೆ ತೂಕದ್ದು, ಮೇಲೆ ಕೂತ ನರಸಿಂಹನನ್ನು ಕಾಣಲು ದೀಪದ ಬಳಿ ಹಿಡಿಯಬೇಕು; ಅಂಗೈಯ ಗೆರೆಯಲ್ಲಿ ಸಿಕ್ಕಿಕೊಂಡರೆ ಹುಡುಕಬೇಕಾಗುತ್ತದೆ. ಅದರ ಸಾಲಿನಲ್ಲಿ ಅಚ್ಚು, ತೂಕ, ಬಂದ ದಾರಿ, ಒಡತಿಯ ಹೆಸರು ಇವನ್ನು ಶಾಯಿಯಲ್ಲಿ ಬರೆದಾದ ಮೇಲೆ, ಮುಂದೆ ಯಾರಿಗೆ ಎಂಬ ಕೊನೆಯ ಮನೆಯನ್ನು ಬಳಪದ ಅಕ್ಷರದಂತೆ ಒರೆಸಿ ತಿದ್ದಲು ಬರುವ ಹಾಗೆ ಪೆನ್ಸಿಲ್ಲಿನಲ್ಲಿ ಬರೆಯುವುದು ಒಳ್ಳೆಯದು.